ಇಟಾಲಿಯನ್ ಆಪೆರಾ ಹೊಸಬರಿಗೆ: ಲಯ ತಿರುಗುವ ಜಾಗ ಹಿಡಿಯಿರಿ

19ನೇ ಶತಮಾನದ ಇಟಾಲಿಯನ್ ದುರಂತ ಆಪೆರಾ ಶುರು ಮಾಡುವವರು ಒಮ್ಮೆಗೇ ಇಡೀ ನಾಟಕಕ್ಕೆ ಕೂರಬೇಡಿ. ಸಂಗೀತ ಸಂಯೋಜಕ ವೆರ್ಡಿಯ 'ಲಾ ತ್ರಾವಿಯಾತಾ'ದ (1853) ಮೊದಲ ಅಂಕದ ಕೊನೆಗೆ ನಾಯಕಿ ವಿಯೊಲೆತ್ತಾ ಒಬ್ಬಳೇ ಹಾಡುವ ಭಾಗವನ್ನಷ್ಟೇ ಹಾಕಿಕೊಂಡು, ಲಯ ಎಲ್ಲಿ ಬದಲಾಗುತ್ತದೆ ನೋಡಿ. ಮೊದಲು ಕಾಂತಾಬಿಲೆ, ಅಂದರೆ ನಿಧಾನವಾಗಿ ಹಾಡುವ ಭಾಗ: ಇದು ನಿಜವಾದ ಪ್ರೀತಿಯೇ ಇರಬಹುದೇ ಎಂಬ ಯೋಚನೆ. ನಡುವೆ, ಇದೆಲ್ಲ ಹುಚ್ಚು ಎಂದು ತನ್ನನ್ನೇ ಗದರಿಕೊಳ್ಳುತ್ತಾಳೆ. ಆಮೇಲೆ ಕಬಲೆತ್ತಾ, ಅಂದರೆ ವೇಗವಾಗಿ ಓಡುವ ಕೊನೆಯ ಭಾಗ: ನಾನು ಸದಾ ಸ್ವತಂತ್ರಳು ಎಂಬ ಹಟ. ಅಷ್ಟರಲ್ಲಿ ಹೊರಗಿನಿಂದ ಅವಳನ್ನು ಪ್ರೀತಿಸುವ ಆಲ್ಫ್ರೆದೋನ ದನಿ ತೂರಿ ಬರುತ್ತದೆ, ಅದನ್ನು ಬಿಡಬೇಡಿ. ಮನಸ್ಸು ಹೊರಳಿದಂತೆ ಲಯವೂ ಹೊರಳುವ ಕಟ್ಟು ಇದು. ಹಾಗಾಗಿ ಭಾಷೆ ಬಾರದಿದ್ದರೂ ಕಥೆ ಕೈಗೆ ಸಿಗುತ್ತದೆ. ಹಿಂದೂಸ್ತಾನಿ ಸಂಗೀತದ ವಿಲಂಬಿತ್ (ನಿಧಾನ ಲಯ), ದ್ರುತ್ (ವೇಗದ ಲಯ) ಕೇಳಿ ಅಭ್ಯಾಸವಿದ್ದವರಿಗಂತೂ ಇನ್ನೂ ಸಲೀಸು. ಕಬಲೆತ್ತಾ ಸಾಮಾನ್ಯವಾಗಿ ಎರಡು ಸಲ ಬರುತ್ತದೆ, ಎರಡನೆಯದರಲ್ಲಿ ಗಾಯಕರು ಅಲಂಕಾರ ಸೇರಿಸುವುದುಂಟು. ಹಳೆಯ ಎಷ್ಟೋ ಧ್ವನಿಮುದ್ರಣಗಳಲ್ಲಿ ಈ ಪುನರಾವರ್ತನೆಗೆ ಕತ್ತರಿ ಬಿದ್ದಿರುತ್ತದೆ. ದೊನಿಜೆತ್ತಿಯ 'ಲುಚಿಯಾ ದಿ ಲಮ್ಮೆರ್‌ಮೂರ್' (1835) ಆಪೆರಾದ ಹುಚ್ಚಿನ ದೃಶ್ಯದಲ್ಲೂ ಇದೇ ಚೌಕಟ್ಟು, ತುಸು ಹಿಗ್ಗಿಸಿದ್ದು. ವೆರ್ಡಿಯ 'ಒತೆಲ್ಲೊ'ದಲ್ಲಿ (1887) ಮಾತ್ರ ಈ ಉಪಾಯ ನಡೆಯುವುದಿಲ್ಲ: ಅಷ್ಟರಲ್ಲಿ ಆತ ಚೌಕಟ್ಟನ್ನು ಬಹುಪಾಲು ಕೈಬಿಟ್ಟಿದ್ದ, ಸಂಗೀತ ನಿಲ್ಲದೆ ಹರಿಯುತ್ತದೆ. ಅಲ್ಲಿ ಸಾಹಿತ್ಯದ ಅನುವಾದ ಪಕ್ಕದಲ್ಲಿಟ್ಟುಕೊಂಡೇ ಕೇಳಿ.