ಮೇವಿಗೆ ಗೆಣಸಿನ ಬಳ್ಳಿ

ಬೆಳಗಾವಿ ಕಡೆ ಗೆಣಸು ಹಾಕುವವರಿಗೆ ಗೆಡ್ಡೆಯದ್ದೇ ಲೆಕ್ಕ. ಬಳ್ಳಿಯೂ ಒಳ್ಳೆಯ ಹಸಿರು ಮೇವು. ಬಳ್ಳಿಯ ತುದಿಯಿಂದ 20–25 ಸೆಂ.ಮೀ. ತುಂಡು ಕತ್ತರಿಸಿ, 60 ಸೆಂ.ಮೀ. ಅಂತರದ ಬೋದುಗಳ ಮೇಲೆ ಗೇಣಿಗೊಂದರಂತೆ, ಎರಡು-ಮೂರು ಗೆಣ್ಣು ಮಣ್ಣಿನೊಳಗಿರುವಂತೆ ನೆಡಿ. ಯೂರಿಯಾ ಹೆಚ್ಚಾದರೆ ಬಳ್ಳಿ ಹಬ್ಬುತ್ತದೆ, ಗೆಡ್ಡೆ ಸೊರಗುತ್ತದೆ. ಗೆಡ್ಡೆಯೂ ಬೇಕೆಂದರೆ ಪದೇ ಪದೇ ಬಳ್ಳಿ ಕೊಯ್ಯಬೇಡಿ.

ಹಸಿ ಬಳ್ಳಿಯಲ್ಲಿ ನೀರೇ ಜಾಸ್ತಿ. ರಸಮೇವು (ಗಾಳಿಯಾಡದಂತೆ ಹುಳಿಸಿಟ್ಟ ಮೇವು, ಸೈಲೇಜ್) ಮಾಡುವುದಾದರೆ ಒಂದು ದಿನ ಬಾಡಿಸಿ, 2–3 ಸೆಂ.ಮೀ. ಚೂರು ಮಾಡಿ, ಡ್ರಮ್ಮಿನಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚಿ. ಬಾಡಿಸದೆ ತುಂಬಿದರೆ ತಳದಲ್ಲಿ ರಸ ನಿಂತು ನಾರುತ್ತದೆ. ಮೂರು ವಾರ ತೆರೆಯಬೇಡಿ.

ಬೂಷ್ಟು ಹಿಡಿದ, ಮೂತಿ ಹುಳು ಕೊರೆದು ಕಪ್ಪಾದ ಗೆಡ್ಡೆಯನ್ನು ಮಾತ್ರ ದನಕ್ಕೆ ಹಾಕಲೇಬೇಡಿ: ಅದರ ವಿಷ ಶ್ವಾಸಕೋಶಕ್ಕೆ ಹೊಡೆದು ದನ ಉಸಿರುಗಟ್ಟಿ ಸಾಯಬಹುದು. ಹಂದಿಗಾದರೆ ಒಳ್ಳೆಯ ಗೆಡ್ಡೆಯನ್ನೇ ಬೇಯಿಸಿ ಕೊಡಿ. ಹಸಿ ಗೆಡ್ಡೆ ಪ್ರೊಟೀನ್ ಜೀರ್ಣವಾಗಲು ಅಡ್ಡಿ ಮಾಡುತ್ತದೆ.