ಪೆಡಲ್‌ಬೋರ್ಡ್‌ಗೆ ಹಲಗೆ ಕೊಯ್ಯುವ ಮುನ್ನ

ಗಿಟಾರ್ ಪೆಡಲ್‌ಗಳಿಗೆ, ಅಂದರೆ ಗಿಟಾರಿನ ಸದ್ದನ್ನು ಬದಲಿಸಲು ಕಾಲಿನಿಂದ ಒತ್ತುವ ಪುಟ್ಟ ಪೆಟ್ಟಿಗೆಗಳಿಗೆ, ಮನೆಯಲ್ಲೇ ಬೋರ್ಡ್ ಮಾಡಿಕೊಳ್ಳುವವರು ಮೊದಲೇ ಗರಗಸ ಹಿಡಿಯಬೇಡಿ. ಪೆಡಲ್‌ಗಳನ್ನು ಹಳೆಯ ದಿನಪತ್ರಿಕೆಯ ಮೇಲೆ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಜೋಡಿಸುವ ಗಿಡ್ಡ ಪ್ಯಾಚ್ ಕೇಬಲ್ ಸಿಕ್ಕಿಸಿ, ಆಮೇಲೆ ಸುತ್ತ ಗೆರೆ ಎಳೆಯಿರಿ. ಕೇಬಲ್ ತುದಿಯ ಜಾಕ್‌ಗಳು ಎಷ್ಟು ಜಾಗ ನುಂಗುತ್ತವೆ ಎಂಬುದು ಆಗ ತಿಳಿಯುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಕೊಯ್ದ ನನ್ನ ಮೊದಲ ಹಲಗೆಯ ಮೇಲೆ ಈಗ ತುಳಸಿ ಕುಂಡ ಕುಳಿತಿದೆ.

ಐದಾರು ಪೆಡಲ್‌ಗಳಿಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ 12 ಮಿ.ಮೀ. ಪ್ಲೈವುಡ್ ಸಾಕು. ಹಿಂಬದಿಗೆ ಎತ್ತರದ ರೀಪರ್ ಹೊಡೆದರೆ ಹಿಂದಿನ ಸಾಲು ಕಾಲಿಗೆ ಸಲೀಸಾಗಿ ಸಿಗುತ್ತದೆ, ವೈರುಗಳೂ ಅಡಿಯಲ್ಲಿ ಅಡಗುತ್ತವೆ. ಉಪ್ಪುಕಾಗದದಿಂದ ಉಜ್ಜಿ ವಾರ್ನಿಷ್ ಬಳಿಯಿರಿ; ಪೆಡಲ್‌ಗಳನ್ನು ಹಿಡಿದಿಡುವ ವೆಲ್ಕ್ರೋ ಪಟ್ಟಿಯ ಅಂಟು ಒರಟು ಮರಕ್ಕೆ ನಿಲ್ಲುವುದಿಲ್ಲ. ಮೆತ್ತನೆಯ ಪಟ್ಟಿ ಹಲಗೆಗೆ, ಕೊಕ್ಕೆಯ ಪಟ್ಟಿ ಪೆಡಲ್‌ನ ತಳಕ್ಕೆ.

ನಿಜವಾದ ತಲೆನೋವು ವಿದ್ಯುತ್ತಿನದು. ಬಹುತೇಕ ಪೆಡಲ್‌ಗಳಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ಮೈನಸ್. ಮನೆಯ ರೌಟರ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುಭಾಗ ಪ್ಲಸ್. ತೂತಿಗೆ ಹೊಂದುತ್ತದೆಂದು ಚುಚ್ಚಿದರೆ ಪೆಡಲ್ ಸುಟ್ಟೀತು. ಅಡಾಪ್ಟರ್ ಮೇಲೆ ಪ್ಲಸ್-ಮೈನಸ್ ತೋರಿಸುವ ಚಿಕ್ಕ ಚಿತ್ರವನ್ನು ನೋಡಿಯೇ ಹಾಕಿ. ಎಲ್ಲ ಪೆಡಲ್‌ಗಳು ಎಳೆಯುವ ಕರೆಂಟನ್ನು ಮಿಲಿಆಂಪ್‌ನಲ್ಲಿ ಕೂಡಿಸಿ, ಅದಕ್ಕಿಂತ ತುಸು ಹೆಚ್ಚು ಕೊಡುವ ಸಪ್ಲೈ ಕೊಳ್ಳಿ. ಪ್ರತಿಧ್ವನಿ ಕೊಡುವ ಡಿಜಿಟಲ್ ಡಿಲೇ ಪೆಡಲನ್ನು ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಜೊತೆ ಒಂದೇ ಸರಪಳಿ ವೈರಿಗೆ (ಒಂದೇ ಅಡಾಪ್ಟರ್‌ನಿಂದ ಹಲವು ಪೆಡಲ್‌ಗಳಿಗೆ ಹೋಗುವ ವೈರು) ಕಟ್ಟಿದರೆ ಸೊಳ್ಳೆಯಂತೆ ಕುಂಯ್‌ಗುಡುವ ಸದ್ದು ಬರುವುದುಂಟು. ಡಿಲೇಗೆ ಬೇರೆಯೇ ಅಡಾಪ್ಟರ್ ಕೊಟ್ಟು ನೋಡಿ.