ಕ್ಯಾಲ್-27 ಸಾಕುವ ಬಗೆ

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರ ಕೈಗೆ ನಾನು ಮೊದಲು ಕೊಡುವುದು ಕ್ಯಾಲ್-27. 1982ರಲ್ಲಿ 56 ವರ್ಷದ ಗಂಡಸೊಬ್ಬನ ನಾಲಿಗೆಯ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಕೋಶಗಳು ಇವು.

ದ್ರವ ಸಾರಜನಕದಿಂದ ತೆಗೆದ ಸೀಸೆಯನ್ನು 37 ಡಿಗ್ರಿ ನೀರಿನಲ್ಲಿ ಮೆಲ್ಲಗೆ ಅಲುಗಾಡಿಸಿ. ಮುಚ್ಚಳಕ್ಕೆ ನೀರು ತಾಗಬಾರದು. ಕಡಲೆಕಾಳಿನಷ್ಟು ಮಂಜುಗಡ್ಡೆ ಉಳಿದಿರುವಾಗಲೇ ಹೊರತೆಗೆಯಿರಿ. ಹೆಪ್ಪುಗಟ್ಟಿದಾಗ ಕಾಪಾಡಿದ ಡಿಎಂಎಸ್‌ಒ ಎಂಬ ರಾಸಾಯನಿಕ, ಕರಗಿದ ಮೇಲೆ ಕೋಶಗಳಿಗೆ ಕಂಟಕ. ಆದ್ದರಿಂದ 9 ಮಿಲಿಲೀಟರ್ ಮಾಧ್ಯಮಕ್ಕೆ (ಕೋಶ ಬೆಳೆಸುವ ಪೋಷಕ ದ್ರವ) ಹನಿಹನಿಯಾಗಿ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ದ್ರವವನ್ನು ತೆಗೆದುಬಿಡಿ. ಮಾಧ್ಯಮ ಡಿಎಂಇಎಂ, ಅದಕ್ಕೆ ಶೇ 10ರಷ್ಟು ಕರುವಿನ ಭ್ರೂಣದ ಸೀರಮ್. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ, ಶೇ 5 ಇಂಗಾಲದ ಡೈಆಕ್ಸೈಡ್.

ತಟ್ಟೆಯ ತಳ ಮುಕ್ಕಾಲು ಭಾಗ ತುಂಬಿದಾಗ ಕೋಶಗಳನ್ನು ತಳದಿಂದ ಬೇರ್ಪಡಿಸಿ. ಇವು ಒಂದಕ್ಕೊಂದು ಅಂಟಿಕೊಂಡು ದ್ವೀಪಗಳಂತೆ ಬೆಳೆಯುವ ಹಟಮಾರಿಗಳು. ಸೀರಮ್ ಉಳಿದರೆ ಕೋಶಗಳನ್ನು ಬಿಡಿಸುವ ಕಿಣ್ವ ಟ್ರಿಪ್ಸಿನ್ ಕೆಲಸ ಮಾಡುವುದಿಲ್ಲ. ಪಿಬಿಎಸ್ ಎಂಬ ಉಪ್ಪಿನ ದ್ರಾವಣದಿಂದ ಎರಡು ಸಲ ತೊಳೆಯಿರಿ. ಆಮೇಲೆ ಟ್ರಿಪ್ಸಿನ್ ಹಾಕಿ ಕಾಯಿರಿ. ತಟ್ಟೆಯನ್ನು ಕುಟ್ಟಿದರೆ ಕೋಶಗಳು ಮುದ್ದೆಮುದ್ದೆಯಾಗಿ ಏಳುತ್ತವೆ.

ಆ್ಯಂಟಿಬಯಾಟಿಕ್ ಹಾಕುವುದು ನನಗೆ ಇಷ್ಟವಿಲ್ಲ; ಅದು ಕೈಯ ಕೊಳಕನ್ನು ಮುಚ್ಚಿಡುತ್ತದೆ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಅದಕ್ಕೆ ನಾಟುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಕಾಣದು. ತಿಂಗಳಿಗೊಮ್ಮೆ ಅದರ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸಿ. ಒಮ್ಮೆ ಇನ್‌ಕ್ಯುಬೇಟರ್‌ನ ನೀರಿನ ತಟ್ಟೆಗೆ ನಲ್ಲಿ ನೀರು ಸುರಿದು ಶಿಲೀಂಧ್ರ ಬರಿಸಿಕೊಂಡವಳು ನಾನೇ. ಮೂರು ವಾರಗಳ ಕೆಲಸವೆಲ್ಲ ಬ್ಲೀಚ್ ಪಾಲಾಯಿತು. ಈಗ ಶುದ್ಧೀಕರಿಸಿದ ನೀರನ್ನೇ ಹಾಕುತ್ತೇನೆ, ಪ್ರತಿ ಸೋಮವಾರ ಬದಲಿಸುತ್ತೇನೆ.